ಮೈಸೂರಿನ ತಿಂಡಿ ಹುಡುಕಲು ಗಡಿಯಾರ ನೋಡಿ

ಮೈಸೂರಿಗೆ ಬಂದ ನೆಂಟರು ಅರಮನೆ, ಬೆಟ್ಟ, ಮೃಗಾಲಯ ಎಲ್ಲ ನೋಡಿ ಹೊರಡುವ ಹೊತ್ತಿಗೆ ಕೇಳುತ್ತಾರೆ: ‘ಈ ಊರಿನವರು ತಿಂಡಿಗೆ ಎಲ್ಲಿಗೆ ಹೋಗುತ್ತೀರಿ?’ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅರಮನೆಯ ಬಾಗಿಲು ತೆರೆಯುವುದು ಬೆಳಿಗ್ಗೆ 10ಕ್ಕೆ. ಆ ವೇಳೆಗೆ ಬಡಾವಣೆಗಳ ಎಷ್ಟೋ ಸಣ್ಣ ಹೋಟೆಲುಗಳಲ್ಲಿ ಇಡ್ಲಿ ಪಾತ್ರೆ ತೊಳೆಯಲು ಹೋಗಿರುತ್ತದೆ. ಈ ಜಾಗಗಳನ್ನು ಯಾರೂ ಬಚ್ಚಿಟ್ಟಿಲ್ಲ. ಪ್ರವಾಸಿಗರ ಹೊತ್ತಿಗೂ ಅವುಗಳ ಹೊತ್ತಿಗೂ ಕೂಡಿಬರುವುದಿಲ್ಲ, ಅಷ್ಟೇ. ಆದ್ದರಿಂದ ಮೊದಲು ಅಲಾರಾಂ ಇಟ್ಟುಕೊಳ್ಳಿ.

ಚಿಕ್ಕ ಗಡಿಯಾರದಿಂದ ಹೊರಡಿ

ಬೆಳಿಗ್ಗೆ 6ಕ್ಕೆ ದೇವರಾಜ ಮಾರುಕಟ್ಟೆಯ ಮುಂದೆ ನಿಲ್ಲಿ. ಅಲ್ಲಿರುವ 1886ರ ಡಫರಿನ್ ಗಡಿಯಾರ ಗೋಪುರವನ್ನು ನಾವು ಚಿಕ್ಕ ಗಡಿಯಾರ ಎನ್ನುತ್ತೇವೆ. ಹೂವಿನವರು ಮಾರು ಹಾಕುತ್ತಿರುತ್ತಾರೆ, ಮೂಟೆ ಹೊರುವವರು ಒಂದು ಸುತ್ತು ಕೆಲಸ ಮುಗಿಸಿರುತ್ತಾರೆ. ಅವರು ಯಾವ ಅಂಗಡಿಯತ್ತ ನಡೆಯುತ್ತಾರೆಂದು ನೋಡಿ. ಕಡಿಮೆ ದುಡ್ಡಿಗೆ, ಬೇಗನೆ, ಹೊಟ್ಟೆ ತುಂಬಬೇಕಾದವರು ಅವರು. ನಿನ್ನೆಯ ಚಟ್ನಿ ಬಡಿಸಿದ ಅಂಗಡಿಗೆ ಮರುದಿನ ಕಾಲಿಡುವುದಿಲ್ಲ.

ಕೇಳುವ ಪ್ರಶ್ನೆಯಲ್ಲೇ ಅರ್ಧ ಕೆಲಸವಿದೆ. ‘ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?’ ಎಂದರೆ ನಿಮ್ಮ ಬಟ್ಟೆ, ಬ್ಯಾಗು ನೋಡಿ ದೊಡ್ಡ ಬೋರ್ಡಿನ ಹೋಟೆಲ್ ತೋರಿಸುತ್ತಾರೆ. ಅದು ಅವರು ನಿಮಗೆ ಕೊಡುವ ಮರ್ಯಾದೆ. ಬದಲಿಗೆ ಒಂದು ಮೊಳ ಮಲ್ಲಿಗೆ ಕೊಂಡು, ‘ಅಕ್ಕಾ, ಬೆಳಿಗ್ಗೆ ನೀವು ಏನು ತಿಂದಿರಿ? ಎಲ್ಲಿಂದ ತರಿಸಿದಿರಿ?’ ಎಂದು ಕೇಳಿ. ಆಗ ಬರುವ ಉತ್ತರದಲ್ಲಿ ಹೋಟೆಲಿನ ಹೆಸರೇ ಇರದಿರಬಹುದು. ‘ಆ ಸಂದಿಯಲ್ಲಿ, ಅರಳಿಮರದ ಪಕ್ಕ’ ಎಂದರೆ ಅಲ್ಲಿಗೇ ಹೋಗಿ.

ಬಡಾವಣೆಯಲ್ಲಿ ನಡೆಯಿರಿ

ನಜರಬಾದಿನ ಮೈಲಾರಿ ದೋಸೆಗೆ ಸರದಿಯಲ್ಲಿ ನಿಲ್ಲುವವರನ್ನು ನಾನು ತಡೆಯುವುದಿಲ್ಲ. ಬೆಣ್ಣೆ ಹಾಕಿದ ಆ ಮೆತ್ತನೆಯ ದೋಸೆ ಕಾಯುವುದಕ್ಕೆ ತಕ್ಕದ್ದೇ. ಆದರೆ ಎರಡನೆಯ ದಿನ ಅಗ್ರಹಾರ, ಚಾಮುಂಡಿಪುರಂ, ನಂಜುಮಳಿಗೆ, ಒಂಟಿಕೊಪ್ಪಲುಗಳಲ್ಲಿ ಯಾವುದಾದರೊಂದನ್ನು ಆರಿಸಿ 7ರಿಂದ 9ರವರೆಗೆ ಬರಿಗಾಲಿನಲ್ಲಿ ನಡೆಯುವಷ್ಟು ನಿಧಾನವಾಗಿ ನಡೆಯಿರಿ. ಮುಖ್ಯರಸ್ತೆ ಬಿಟ್ಟು ಅಡ್ಡರಸ್ತೆ ಹಿಡಿಯಿರಿ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಗುರುತು ಒಂದಿದೆ: ಸ್ಟೀಲ್ ಡಬ್ಬಿ. ಅಕ್ಕಪಕ್ಕದ ಮನೆಯವರು ಸಾಂಬಾರಿಗೆ, ಚಟ್ನಿಗೆ ಮನೆಯಿಂದಲೇ ಪಾತ್ರೆ ತಂದು ನಿಂತಿದ್ದರೆ ಒಳಗೆ ಹೋಗಿ. ಮನೆಯಲ್ಲಿ ಅಡುಗೆ ಬಲ್ಲವರು ಹೊರಗಿನ ಸಾಂಬಾರನ್ನು ಒಪ್ಪಿರುವುದು ಸಣ್ಣ ಮಾತಲ್ಲ. ಗೋಡೆಯ ಮೇಲೆ ನಾಲ್ಕೈದು ತಿಂಡಿಗಳ ಹೆಸರು ಮಾತ್ರ ಇದ್ದರೆ ಇನ್ನೂ ಒಳ್ಳೆಯದು.

ಒಳಗೆ ಹೋದ ಮೇಲೆ ಸಪ್ಲೈಯರ್ ಹೇಳಿದ್ದನ್ನು ತಿನ್ನಿ. ಬೈಟು ಕಾಫಿ ಕುಡಿದು, ಕಾಯುವವರಿಗೆ ಜಾಗ ಬಿಟ್ಟು ಏಳಿ. ಫೋಟೊ ತೆಗೆಯುವ ಮುನ್ನ ಕೇಳಿ. ಒಮ್ಮೆ ನಾನು ಕೇಳದೆ ಮೊಬೈಲ್ ಎತ್ತಿದಾಗ ಕಾವಲಿಯ ಮುಂದಿದ್ದ ಹಿರಿಯರು ಸೆರಗು ಸರಿಮಾಡಿಕೊಂಡು ಹಿಂದಕ್ಕೆ ಸರಿದರು. ಅಂದಿನಿಂದ ಮೊದಲು ತಿನ್ನುತ್ತೇನೆ, ಆಮೇಲೆ ಮಾತನಾಡಿಸುತ್ತೇನೆ, ಒಪ್ಪಿದರೆ ಮಾತ್ರ ಚಿತ್ರ.

ಮಧ್ಯಾಹ್ನ, ಸಂಜೆ

ಮಾಂಸಾಹಾರಿಗಳಿಗೆ ಮಂಡಿ ಮೊಹಲ್ಲಾದ ಪಲಾವ್ ಇದೆ, ಮಿಲಿಟರಿ ಹೋಟೆಲುಗಳ ಮುದ್ದೆ ಊಟವಿದೆ. 12.30ಕ್ಕೇ ಹೋಗಿ, ಬೋಟಿ, ತಲೆಮಾಂಸ ಯಾವ ದಿನ ಮಾಡುತ್ತಾರೆಂದು ಹಿಂದಿನ ದಿನವೇ ವಿಚಾರಿಸಿ.

ಸಂಜೆ 5ರ ಮೇಲೆ ಚುರುಮುರಿ ಗಾಡಿ. ಉದ್ಯಾನದ ಮುಂದೆ, ದೇವಸ್ಥಾನದ ತಿರುವಿನಲ್ಲಿ, ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ನಿಂತಿರುತ್ತದೆ. ಮೊದಲೇ ಕಲಸಿಟ್ಟಿದ್ದರೆ ಮುಂದಿನ ಗಾಡಿಗೆ ಹೋಗಿ. ಕಡಲೆಪುರಿ, ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಖಾರ ಎಲ್ಲವನ್ನೂ ನಿಮ್ಮೆದುರಿಗೇ ಕಲಸಿ ಕಾಗದದ ಪೊಟ್ಟಣಕ್ಕೆ ಸುರಿಯಬೇಕು, ಪುರಿ ಮೆತ್ತಗಾಗುವ ಮೊದಲು ನೀವು ಮುಗಿಸಬೇಕು. ಮಾವಿನಕಾಯಿ ಕಾಲದಲ್ಲಿ ಒಂದು ಹಿಡಿ ತುರಿ ಹೆಚ್ಚಾಗಿ ಕೇಳಿ.

ಪಂಚಾಂಗವನ್ನೂ ನೋಡಿ

ಡಿಸೆಂಬರ್, ಜನವರಿಯಲ್ಲಿ ಬಂದರೆ ಸೊಗಡಿನ ಅವರೆಕಾಯಿ ಇರುತ್ತದೆ. ‘ಹಿದುಕಿದ ಬೇಳೆ ಸಾರು ಇದೆಯೇ?’ ಎಂದು ಮೆಸ್‌ಗಳಲ್ಲಿ ಕೇಳಿ. ರಾಮನವಮಿಯ ದಿನ ಬೀದಿಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಕೈಯೊಡ್ಡಿದವರು ಯಾವ ಊರಿನವರೆಂದು ಯಾರೂ ಕೇಳುವುದಿಲ್ಲ. ಬಾಳೆಹಣ್ಣಿನ ಅಂಗಡಿಯಲ್ಲಿ ನಂಜನಗೂಡು ರಸಬಾಳೆ ಕಂಡರೆ ದರ ನೋಡದೆ ಎರಡು ಕೊಳ್ಳಿ.

ಅರ್ಧ ದಿನ ಉಳಿದಿದ್ದರೆ ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆ ತಿರುಗಿ. ಗದ್ದೆಯ ನಡುವೆ ಹೊಗೆ ಏಳುತ್ತಿದ್ದು, ಅಂಗಳದಲ್ಲಿ ಕಬ್ಬಿನ ಸಿಪ್ಪೆ ಒಣಹಾಕಿದ್ದರೆ ಅದು ಬೆಲ್ಲ ಮಾಡುವ ಆಲೆಮನೆ. ಒಳನುಗ್ಗದೆ ಹೊರಗೇ ನಿಂತು, ‘ಯಜಮಾನರೇ, ಒಂದು ಲೋಟ ಕಬ್ಬಿನ ಹಾಲು ಸಿಗುತ್ತದೆಯೇ?’ ಎಂದು ಕೇಳಿ. ಕುಡಿದಾದ ಮೇಲೆ ಪಾಕವನ್ನು ಅಚ್ಚಿಗೆ ಸುರಿಯುವ ಹೊತ್ತಿನವರೆಗೂ ಕಾಯಿರಿ. ಬಿಸಿ ಬೆಲ್ಲವನ್ನು ಎಲೆಯ ತುಂಡಿನ ಮೇಲೆ ಕೊಡುತ್ತಾರೆ. ಮನೆಗೆ ಒಯ್ಯುವ ಬೆಲ್ಲಕ್ಕೆ ಚಿಲ್ಲರೆ ದುಡ್ಡೂ ಬಟ್ಟೆಯ ಚೀಲವೂ ಕೈಯಲ್ಲಿರಲಿ. ಮಕ್ಕಳನ್ನು ಮಾತ್ರ ಕೊಪ್ಪರಿಗೆಯ ಹತ್ತಿರ ಬಿಡಬೇಡಿ, ಪಾಕ ಸಿಡಿಯುತ್ತದೆ.