ಡೊಮೈನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ: ನನ್ನ ಅನುಭವ

ನಾನು ತೆಗೆದ ಹಕ್ಕಿ ಫೋಟೊಗಳನ್ನೆಲ್ಲ ಒಂದು ಕಡೆ ಹಾಕೋಣ ಅಂತ ಸೈಟ್ ಮಾಡಲು ಹೊರಟಾಗ ಡೊಮೈನ್ (ಸೈಟಿನ ಹೆಸರು) ಬೇರೆ, ಹೋಸ್ಟಿಂಗ್ (ಸೈಟಿನ ಫೈಲ್ ಇಡುವ ಬಾಡಿಗೆ ಜಾಗ) ಬೇರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಒಂದು ಹೋಸ್ಟಿಂಗ್ ಕಂಪನಿಯವರು ಮೊದಲ ವರ್ಷ ಡೊಮೈನ್ ಉಚಿತ ಅಂತ ಹಾಕಿದ್ದರು. ಯಾರು ಬೇಡ ಅಂತಾರೆ? ಹತ್ತು ನಿಮಿಷದಲ್ಲಿ ಹೆಸರು ಆರಿಸಿ, ದುಡ್ಡು ಕಟ್ಟಿ, ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಹಾಕಿಬಿಟ್ಟೆ. ಜೊತೆಗೆ ಸ್ವಂತ ಡೊಮೈನ್ ಹೆಸರಿನ ಇಮೇಲ್ ಬೇರೆ. ಆ ಖುಷಿಯಲ್ಲಿ ಖಾತೆಗೆ ಕೊಟ್ಟಿದ್ದ ಜಿಮೇಲ್ ವಿಳಾಸ ತೆಗೆದು, ಈ ಹೊಸ ವಿಳಾಸ ಹಾಕಿದೆ. ನೋಡೋಕೆ ಚೆನ್ನಾಗಿರುತ್ತೆ ಅಂತ, ಅಷ್ಟೇ.

ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು ಅಂತ ಆಗ ಹೊಳೆಯಲಿಲ್ಲ.

ಎರಡು ವರ್ಷ ಕಳೆಯಿತು. ಈ ನಡುವೆ ನನ್ನ ಕಾರ್ಡ್ ಅವಧಿ ಮುಗಿದು ಹೊಸದು ಬಂದಿತ್ತು, ಖಾತೆಯಲ್ಲಿ ಹಳೆಯದೇ ಇತ್ತು, ಹಾಗಾಗಿ ತಾನಾಗೇ ಆಗಬೇಕಿದ್ದ ರಿನ್ಯೂವಲ್ ಆಗಲಿಲ್ಲ. ಡೊಮೈನ್ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಮತ್ತೆ ಒಂದು ವಾರ ಮೊದಲು ನೆನಪಿಸಬೇಕು ಅಂತ ಐಕಾನ್ (ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ನಿಯಮ ಇದೆ. ಅವರು ನೆನಪಿಸಿದ್ದರು, ಸುಳ್ಳು ಹೇಳಬಾರದು. ಆದರೆ ಆ ಮೇಲ್ ಬಂದದ್ದು ನಾನು ತೆರೆದೇ ನೋಡದ, ಸ್ಪ್ಯಾಮ್ ತುಂಬಿದ್ದ ಆ ಚೆಂದದ ವಿಳಾಸಕ್ಕೆ. ಒಂದು ದಿನ ಸೈಟ್ ತೆರೆದರೆ ನನ್ನ ಹಕ್ಕಿಗಳ ಜಾಗದಲ್ಲಿ ಯಾವುದೋ ಜಾಹೀರಾತು. ಗಾಬರಿಯಲ್ಲಿ ಲಾಗಿನ್ ಆಗಲು ಹೋದೆ, ಪಾಸ್‌ವರ್ಡ್ ನೆನಪಿಲ್ಲ. ಪಾಸ್‌ವರ್ಡ್ ಮರೆತಿದ್ದೀರಾ ಅಂತ ಇರುತ್ತಲ್ಲ, ಅದನ್ನು ಒತ್ತಿದೆ. ನಿಮ್ಮ ಇಮೇಲ್‌ಗೆ ಲಿಂಕ್ ಕಳಿಸಿದ್ದೇವೆ ಅಂತ ಬಂತು. ಯಾವ ಇಮೇಲ್‌ಗೆ? ಡೊಮೈನ್ ಜೊತೆಗೇ ಸತ್ತುಹೋಗಿದ್ದ ಇಮೇಲ್‌ಗೆ! ಆ ಪರದೆಯನ್ನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ.

ಗುರುತಿನ ಚೀಟಿ, ಹಳೆಯ ರಸೀದಿ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಎಲ್ಲ ಕಳಿಸಿ, ನಾನೇ ನಾನು ಅಂತ ನಂಬಿಸಲು ಹನ್ನೊಂದು ದಿನ ಹಿಡಿಯಿತು. ಪುಣ್ಯಕ್ಕೆ ಡಾಟ್ ಕಾಮ್ ಹೆಸರು ಮುಗಿದ ಕೂಡಲೇ ಬೇರೆಯವರ ಪಾಲಾಗುವುದಿಲ್ಲ. ಮೊದಲು ಗ್ರೇಸ್ ಪೀರಿಯಡ್ ಇರುತ್ತೆ, 45 ದಿನದವರೆಗೆ ಇರಬಹುದು, ಎಷ್ಟು ಕೊಡುತ್ತಾರೆ ಅನ್ನೋದು ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿ ಕೊಡುವ ಕಂಪನಿ) ಮೇಲೆ ನಿಂತಿದೆ. ಆಮೇಲೆ ಅಳಿಸಿದರೂ 30 ದಿನ ರಿಡೆಂಪ್ಷನ್ ಅಂತ ಒಂದು ಹಂತ ಇದೆ, ಅಲ್ಲಿ ವಾಪಸ್ ಪಡೆಯಲು ದಂಡದ ಹಾಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಅದೂ ಮುಗಿದರೆ 5 ದಿನ ಯಾರೂ ಮುಟ್ಟುವ ಹಾಗಿಲ್ಲ, ಆಮೇಲೆ ಸಿಕ್ಕಿದವರಿಗೆ ಸೀರುಂಡೆ. ನಾನು ಮೊದಲ ಹಂತದಲ್ಲೇ ಇದ್ದೆ, ಮಾಮೂಲಿ ರಿನ್ಯೂವಲ್ ದುಡ್ಡಲ್ಲೇ ಮುಗಿಯಿತು.

ಹೆಸರು ಕೈಗೆ ಬಂದ ತಕ್ಷಣ ಮಾಡಿದ ತೀರ್ಮಾನ ಒಂದೇ. ಡೊಮೈನ್ ಬೇರೆ ರಿಜಿಸ್ಟ್ರಾರ್ ಹತ್ತಿರ ಇರಬೇಕು, ಹೋಸ್ಟಿಂಗ್ ಬೇರೆಯವರ ಹತ್ತಿರ. ಹೋಸ್ಟ್ ಸರಿಯಿಲ್ಲ ಅಂದರೆ ಫೈಲ್ ಎತ್ತಿಕೊಂಡು ಇನ್ನೊಂದು ಕಡೆ ಹೋಗಬಹುದು, ಹೆಸರು ನಮ್ಮ ಕೈಯಲ್ಲೇ ಇರುತ್ತೆ. ಆದರೆ ಇಲ್ಲೂ ಆತುರ ಪಟ್ಟೆ. ಮೊದಲು ಇಮೇಲ್ ಬದಲಿಸಿ ಜಿಮೇಲ್ ಹಾಕಿದೆ, ಆಮೇಲೆ ವರ್ಗಾವಣೆಗೆ ಹೋದೆ. ಆಗಲ್ಲ ಅಂದರು. ಡೊಮೈನ್ ಯಾರ ಹೆಸರಲ್ಲಿದೆಯೋ ಅವರ ಹೆಸರು ಅಥವಾ ಇಮೇಲ್ ಬದಲಾದರೆ 60 ದಿನ ಬೀಗ ಬೀಳುತ್ತೆ, ಕದಿಯುವವರಿಂದ ಕಾಪಾಡಲು. ಕೆಲವರು ಇಮೇಲ್ ಬದಲಿಸುವಾಗಲೇ ಈ ಬೀಗ ಬೇಡ ಅಂತ ಟಿಕ್ ಹಾಕಲು ಬಿಡುತ್ತಾರೆ. ನನ್ನ ಪುಟದಲ್ಲೂ ಇತ್ತೋ ಏನೋ, ಓದದೆ ಒತ್ತಿದವನು ನಾನು. ಎರಡು ತಿಂಗಳು ಸುಮ್ನೆ ಕಾದೆ. ಆಮೇಲೆ ಡೊಮೈನ್ ಲಾಕ್ ತೆಗೆದು, ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಟ್ಟಿನ ಸಂಕೇತ) ತಗೊಂಡು ಹೊಸ ರಿಜಿಸ್ಟ್ರಾರ್‌ಗೆ ಕೊಟ್ಟೆ, ಒಂದು ವಾರದೊಳಗೆ ಆಯಿತು. ಈಗ ಹತ್ತು ವರ್ಷಕ್ಕೆ ಕಟ್ಟಿಬಿಟ್ಟಿದ್ದೇನೆ. ಒಮ್ಮೆಗೆ ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ.

ಹೋಸ್ಟಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ನನ್ನಂಥ ಸಣ್ಣ ಸೈಟಿಗೆ ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರ್ ಹಲವರು ಹಂಚಿಕೊಳ್ಳೋದು) ಧಾರಾಳ ಸಾಕು. ಒಂದು ಮಾತ್ರ ಕೇಳಿಕೊಳ್ಳಿ. ಅನ್‌ಲಿಮಿಟೆಡ್ ಜಾಗ ಅಂತ ಬರೆದಿದ್ದರೂ ಎಷ್ಟು ಫೈಲ್ ಇಡಬಹುದು ಅನ್ನೋದಕ್ಕೆ ಮಿತಿ ಇರುತ್ತೆ, ಐನೋಡ್ ಅಂತಾರೆ. ವರ್ಡ್‌ಪ್ರೆಸ್‌ಗೆ ನೀವು ಒಂದು ದೊಡ್ಡ ಫೋಟೊ ಹಾಕಿದರೆ ಅದು 150, 300, 768, 1024 ಪಿಕ್ಸೆಲ್ ಹೀಗೆ ಮರಿ ಹಾಕುತ್ತಾ ಹೋಗುತ್ತೆ, ಒಂದಕ್ಕೆ ಏಳೆಂಟು ಫೈಲ್. ಹಳೆಯ ಹೋಸ್ಟ್‌ನಲ್ಲಿ ಜಾಗ ಬೇಕಾದಷ್ಟಿದ್ದೂ ಒಂದು ದಿನ ಅಪ್‌ಲೋಡ್ ನಿಂತುಹೋದದ್ದು ಇದಕ್ಕೇ. ಎಸ್‌ಎಸ್‌ಎಲ್‌ಗೆ (ಸೈಟಿನ ಸಂಪರ್ಕ ಸುರಕ್ಷಿತವಾಗಿಡುವ ಪ್ರಮಾಣಪತ್ರ) ಬೇರೆ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸೇವೆ ಅದನ್ನು 2015ರಿಂದ ಪುಕ್ಕಟೆ ಕೊಡುತ್ತಿದೆ, ಒಳ್ಳೆಯ ಹೋಸ್ಟ್ ಆದರೆ ಅದನ್ನು ತಾನೇ ಹಾಕಿ ತಾನೇ ನವೀಕರಿಸುತ್ತೆ.

ಇನ್ನು ಸೈಟ್ ಸಾಗಿಸಿದ್ದು. ನೇಮ್‌ಸರ್ವರ್ (ಡೊಮೈನ್ ಎಲ್ಲಿದೆ ಅಂತ ಕೇಳಿದವರಿಗೆ ಹೇಳುವ ಸರ್ವರ್) ಬದಲಿಸಿದರೆ ಎಲ್ಲ ಕಡೆ ತಿಳಿಯಲು ಎರಡು ದಿನ ಬೇಕಾಗಬಹುದು, ಯಾಕೆಂದರೆ ಡಾಟ್ ಕಾಮ್‌ನವರು ಆ ಮಾಹಿತಿಗೆ ಇಟ್ಟಿರುವ ಟಿಟಿಎಲ್ (ಬೇರೆ ಸರ್ವರ್‌ಗಳು ಅದನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನೋ ಅವಧಿ) 172800 ಸೆಕೆಂಡ್, ಅಂದರೆ 48 ಗಂಟೆ. ಅದು ನಮ್ಮ ಕೈಯಲ್ಲಿಲ್ಲ. ಅದಕ್ಕೇ ಮೊದಲು ಡಿಎನ್‌ಎಸ್ ದಾಖಲೆಗಳನ್ನೆಲ್ಲ (ಸೈಟ್, ಮೇಲ್ ಯಾವ ಸರ್ವರ್‌ನಲ್ಲಿದೆ ಅಂತ ಹೇಳುವ ಸಾಲುಗಳು) ರಿಜಿಸ್ಟ್ರಾರ್ ಕಡೆಗೆ ನಕಲು ಮಾಡಿ, ನೇಮ್‌ಸರ್ವರ್ ಬದಲಿಸಿ, ಎರಡು ದಿನ ಬಿಟ್ಟೆ, ಹಳೆಯ ಸರ್ವರ್ ಹಾಗೇ ಓಡುತ್ತಿತ್ತು. ನಕಲು ಮಾಡುವಾಗ ಬರುವ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ಸಾಲು ಹಾಕಿದೆ, ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ಇದ್ದ ಟಿಎಕ್ಸ್‌ಟಿ ಸಾಲು ಬಿಟ್ಟೆ, ನಾನು ಕಳಿಸಿದ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗತೊಡಗಿದ ಮೇಲೆ ಗೊತ್ತಾಯಿತು. ಹಳೆಯ ಡಿಎನ್‌ಎಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ, ಅದನ್ನು ನೋಡಿ ಸರಿಮಾಡಿದೆ. ಡೊಮೈನ್ ಹೆಸರನ್ನು ಸರ್ವರ್‌ನ ಐಪಿಗೆ (ಅಂಕಿಗಳ ವಿಳಾಸ) ಜೋಡಿಸುವ ಎ ರೆಕಾರ್ಡ್‌ನ ಟಿಟಿಎಲ್ ಅನ್ನು 300 ಸೆಕೆಂಡ್‌ಗೆ ಇಳಿಸಿಟ್ಟೆ, ಬದಲಿಸಿದಾಗ ಬೇಗ ತಿಳಿಯಲಿ ಅಂತ.

ಹೊಸ ಸರ್ವರ್‌ನಲ್ಲಿ ಸೈಟ್ ಸರಿ ಬರುತ್ತಾ ಅಂತ ಮೊದಲೇ ನೋಡಲು ಒಂದು ಉಪಾಯ ಇದೆ. ನಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ (ಡಿಎನ್‌ಎಸ್ ಕೇಳುವ ಮೊದಲು ಕಂಪ್ಯೂಟರ್ ನೋಡುವ ಪಟ್ಟಿ) ಹೊಸ ಸರ್ವರ್‌ನ ಐಪಿ ಮತ್ತು ಡೊಮೈನ್ ಹೆಸರು ಒಂದೇ ಸಾಲಿನಲ್ಲಿ ಬರೆದರೆ ಆಯಿತು, ಆ ಕಂಪ್ಯೂಟರಿಗೆ ಮಾತ್ರ ಹೊಸ ಸೈಟ್ ಕಾಣುತ್ತೆ. ಹಾಗೆ ನೋಡಿ, ಎಲ್ಲ ಸರಿಯಿದೆ ಅಂತ ಎ ರೆಕಾರ್ಡ್ ಬದಲಿಸಿದೆ. ಅರ್ಧ ಗಂಟೆಗೆ ಗೆಳೆಯನ ಫೋನ್.

"ಲೋ, ನಿನ್ನ ಸೈಟ್ ಬರ್ತಿಲ್ಲ."

"ನಂಗೆ ಬರ್ತಿದೆಯಲ್ಲ, ನಿನ್ನ ನೆಟ್ ನೋಡ್ಕೋ."

ಪಾಪ, ರೂಟರ್ ಎರಡು ಸಲ ಆಫ್ ಮಾಡಿ ಆನ್ ಮಾಡಿದ. ಬ್ರೌಸರ್ ಬದಲಿಸಿದ. ನಾನು ಇಲ್ಲಿಂದ ಒಂದೊಂದೇ ಹೇಳುತ್ತಾ ಹೋದೆ, ಅವನು ಮಾಡುತ್ತಾ ಹೋದ. ಕೊನೆಗೆ ಯಾಕೋ ಅನುಮಾನ ಬಂದು ನನ್ನ ಮೊಬೈಲಲ್ಲಿ ತೆರೆದೆ. ಇಲ್ಲ. ಎ ರೆಕಾರ್ಡ್‌ನಲ್ಲಿ ಐಪಿಯ ಕೊನೆಯ ಅಂಕಿ ತಪ್ಪು ಬರೆದಿದ್ದೆ. ಹೋಸ್ಟ್ಸ್ ಫೈಲಿನಲ್ಲಿ ಸರಿಯಾಗಿ ಬರೆದು, ಅಳಿಸೋದು ಮರೆತಿದ್ದೆ. ಹಾಗಾಗಿ ಜಗತ್ತಿನಲ್ಲಿ ಆ ಸೈಟ್ ಕಾಣುತ್ತಿದ್ದದ್ದು ನನ್ನ ಲ್ಯಾಪ್‌ಟಾಪಿಗೆ ಮಾತ್ರ. ಅಂಕಿ ತಿದ್ದಿದೆ, ಐದು ನಿಮಿಷದಲ್ಲಿ ಅವನಿಗೂ ಬಂತು.

"ನೋಡು, ರೂಟರ್ ಆಫ್ ಮಾಡಿದ್ದಕ್ಕೇ ಸರಿ ಹೋಯ್ತು" ಅಂದ. ಹೂಂ ಅಂದೆ.