ಬೀಡಿ ಬಿಡಿ, ಜಿಡ್ಡು ಇಳಿಸಿ

ಬೀಡಿ ಹೊಗೆ ಶ್ವಾಸಕೋಶವನ್ನಷ್ಟೇ ಕೆಡಿಸುತ್ತದೆ ಅಂತ ನಮ್ಮ ತೀರ್ಥಹಳ್ಳಿ ಕಡೆ ಅನೇಕರು ಅಂದುಕೊಂಡಿದ್ದಾರೆ. ಅದರ ವಿಷ ಎಂಜಲಿನ ಜೊತೆ ಹೊಟ್ಟೆಗೂ, ರಕ್ತದ ಮೂಲಕ ಮೇದೋಜೀರಕಕ್ಕೂ ಹೋಗುತ್ತದೆ. ಅನ್ನನಾಳ, ಜಠರ, ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯವೂ ಏರುತ್ತದೆ.

ಮೊದಲು ಬೆಳಗಿನ ಕಾಫಿ ಜೊತೆಗಿನ ಬೀಡಿ ಬಿಡಿ. ಲೋಟ ಹಿಡಿದು ತೋಟದ ಕಡೆ ನಡೆಯಿರಿ. ಬೆಂಕಿಪೊಟ್ಟಣ ಒಲೆ ಹತ್ತಿರವೇ ಇರಲಿ, ಜೇಬಿನಲ್ಲಿ ಬೇಡ. ಬೀಡಿ ಬದಲು ಅಡಿಕೆಯಂತೂ ಬೇಡವೇ ಬೇಡ. ಅದೂ ಕ್ಯಾನ್ಸರ್ ತರುತ್ತದೆ. ಅಡಿಕೆ ಬೆಳೆಯುವವಳಾಗಿಯೇ ಹೇಳುತ್ತಿದ್ದೇನೆ. 1800-11-2356ಕ್ಕೆ ಫೋನ್ ಮಾಡಿದರೆ ಉಚಿತ ಸಲಹೆ ಸಿಗುತ್ತದೆ.

ಜಿಡ್ಡು ಜಾಸ್ತಿ ತಿಂದರೆ ಬೊಜ್ಜು, ಬೊಜ್ಜಿನಿಂದ ಕರುಳಿನ ಕ್ಯಾನ್ಸರ್ ಅಪಾಯ. ಕಡುಬಿಗೆ ಹಂದಿ ಸಾರು ಮಾಡಿದರೆ ಆರಿಸಿ ಫ್ರಿಜ್ಜಿನಲ್ಲಿಡಿ. ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಲ್ಲಿ ಎತ್ತಿ, ಆಮೇಲೆ ಕುದಿಸಿ. ಜೊತೆಗೆ ಬಾಳೆದಿಂಡಿನ ಪಲ್ಯ ಇರಲಿ.

ನುಂಗುವಾಗ ಸಿಕ್ಕಿಕೊಂಡಂತಾದರೆ, ಮಲದಲ್ಲಿ ರಕ್ತ ಕಂಡರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.