ಎಲ್ಲದಕ್ಕೂ ‘ಹೌದು ಸಾರ್’ ಎನ್ನುವ ಆರೋಪಿ: ಮೊದಲ ರಿಮಾಂಡ್‌ನಲ್ಲಿ ನಾನು ಮಾಡುವ ಕೆಲಸ

ಬೌದ್ಧಿಕ ಅಂಗವೈಕಲ್ಯ ಇರುವ ಆರೋಪಿ, ಬಂಧಿತರನ್ನು ಕಸ್ಟಡಿಗೆ ಕೊಡಬೇಕೇ ಎಂದು ಮ್ಯಾಜಿಸ್ಟ್ರೇಟರು ತೀರ್ಮಾನಿಸುವ ರಿಮಾಂಡ್ ಹಂತದ ವಕೀಲರ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಹೆಸರು, ಊರು, ಅಪ್ಪನ ಹೆಸರು ಸರಿಯಾಗಿ ಹೇಳುತ್ತಾರೆ, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ಅಷ್ಟು ಸಾಕು. ಹಾಗಾಗಿ ನಾನು ಕೇಸಿನ ವಿಷಯಕ್ಕೆ ಕೊನೆಗೆ ಬರುತ್ತೇನೆ. ಐನೂರರ ನೋಟು ಕೊಟ್ಟು 320 ರೂಪಾಯಿ ಸಾಮಾನು ತಗೊಂಡರೆ ಚಿಲ್ಲರೆ ಎಷ್ಟು ಬರುತ್ತದೆ? ಗೋಡೆ ಮೇಲಿನ ಗಡಿಯಾರದಲ್ಲಿ ಈಗ ಎಷ್ಟು ಗಂಟೆ? ದಸರಾ ಮೊದಲೋ ದೀಪಾವಳಿ ಮೊದಲೋ?

ಆಮೇಲೆ ಇನ್ನೊಂದು ಪರೀಕ್ಷೆ. “ಠಾಣೆಗೆ ಜೀಪಲ್ಲಿ ಕರ್ಕೊಂಡು ಬಂದ್ರಾ?” “ಹೌದು ಸಾರ್.” ನಾಲ್ಕು ಬೇರೆ ಮಾತಾಡಿ, “ಬೈಕಲ್ಲಿ ಅಲ್ವಾ ಬಂದಿದ್ದು?” “ಹೌದು ಸಾರ್.” ಜೀಪೋ ಬೈಕೋ ಎಂದು ಕೇಳಿದರೆ ಕೊನೆಗೆ ಕೇಳಿಸಿದ್ದನ್ನೇ ಹೇಳುತ್ತಾರೆ. ಮೌನವಾಗಿರುವ ಹಕ್ಕು ಅರ್ಥವಾಯಿತಾ ಎಂದರೆ “ಆಯ್ತು ಸಾರ್” ಎಂಬ ಉತ್ತರ ಬಂದೇ ಬರುತ್ತದೆ. “ನಾನೀಗ ಏನು ಹೇಳಿದೆ, ನಿಮ್ಮ ಮಾತಲ್ಲಿ ಹೇಳಿ” ಎಂದಾಗಲೇ ನಿಜ ಸ್ಥಿತಿ ತಿಳಿಯುವುದು. ಪ್ರಶ್ನೆ, ಉತ್ತರ ಎರಡನ್ನೂ ಇದ್ದ ಹಾಗೆಯೇ ಬರೆದು, ಸಮಯ ಹಾಕಿ ಇಟ್ಟುಕೊಳ್ಳುತ್ತೇನೆ. ಅದು ಸಾಕ್ಷ್ಯವಲ್ಲ, ಆದರೆ ಅರ್ಜಿಗೆ ಆಧಾರವಾಗುತ್ತದೆ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಹೇಗಿದ್ದರೂ ನಿಲ್ಲುವುದಿಲ್ಲ ಎಂದು ಕಿರಿಯ ವಕೀಲರು ನಿರಾಳವಾಗಿರುತ್ತಾರೆ. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳಲು ಬಲವಂತಪಡಿಸಬಾರದೆನ್ನುವ ಸಂವಿಧಾನದ 20(3)ನೇ ವಿಧಿ ಇದೆ; ಅದು ವಿಚಾರಣೆಗಷ್ಟೇ ಅಲ್ಲ, ತನಿಖೆಯ ಹಂತಕ್ಕೂ ಅನ್ವಯಿಸುತ್ತದೆ ಎಂದು 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಸ್ಪಷ್ಟವಾಗಿ ಹೇಳಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಇದೆ. ಆದರೆ ಅಪಾಯ ಇರುವುದು ಅದೇ ಕಲಮಿನ ಪರಂತುಕದಲ್ಲಿ (ವಿನಾಯಿತಿಯಲ್ಲಿ), ಅಂದರೆ ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂನಲ್ಲಿ: ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದ ಮಾತನ್ನು ಸಾಕ್ಷ್ಯವಾಗಿ ಬಳಸಬಹುದು. ‘ಸ್ವಇಚ್ಛಾ ಹೇಳಿಕೆ’ಯ ಕೊನೆಗೆ “ನನ್ನ ಜೊತೆ ಬಂದಲ್ಲಿ ಸ್ಥಳ ತೋರಿಸುತ್ತೇನೆ” ಎಂಬ ಸಾಲು ಸೇರುತ್ತದೆ. ಎಲ್ಲದಕ್ಕೂ ಹೌದೆನ್ನುವ ಮನುಷ್ಯ ನಿಲ್ಲಿಸಿದ ಕಡೆ ನಿಲ್ಲುತ್ತಾನೆ, ತೋರಿಸೆಂದ ಕಡೆ ಕೈ ತೋರಿಸುತ್ತಾನೆ, ಪಂಚರು ಮಹಜರಿಗೆ ಸಹಿ ಹಾಕುತ್ತಾರೆ. ಆ ಜಾಗ ಪೊಲೀಸರಿಗೆ ಮೊದಲೇ ಗೊತ್ತಿತ್ತೇ ಎಂಬುದೇ ಮುಂದೆ ಪಾಟೀಸವಾಲಿನ ತಿರುಳು. ಅದಕ್ಕೆ ಬೇಕಾದ ದಾಖಲೆಯನ್ನು ಮೊದಲ ದಿನವೇ ಹಿಡಿದಿಡಬೇಕು. ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನ (2020) ಪ್ರಕಾರ ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಇಡಬೇಕು, ಹೆಚ್ಚೆಂದರೆ ಒಂದು ವರ್ಷಕ್ಕೆ ಇಳಿಸಬಹುದು. ಅದನ್ನು ನಂಬಿ ಕೂರುವುದಿಲ್ಲ. ಪ್ರವೇಶದ್ವಾರ, ಲಾಕಪ್, ಇನ್‌ಸ್ಪೆಕ್ಟರ್ ಕೊಠಡಿಯ ದೃಶ್ಯವನ್ನು ಕರೆತಂದ ಹೊತ್ತಿನಿಂದ ಕಾಯ್ದಿರಿಸಲು ರಿಮಾಂಡ್ ದಿನವೇ ಅರ್ಜಿ ಹಾಕುತ್ತೇನೆ. ಜಪ್ತಿಯ ವಿಡಿಯೊವನ್ನು ಕತ್ತರಿಸದೆ ಪೂರ್ತಿ ಕೊಡಬೇಕೆಂದೂ ಅದರಲ್ಲೇ ಕೇಳುತ್ತೇನೆ.

ಹೇಳಿಕೆಯ ಭಾಷೆಯನ್ನೂ ನೋಡಿ. ಗಡಿಯಾರ ಓದಲು ಬಾರದವನ ಬಾಯಲ್ಲಿ “ಸದರಿ ದಿನ ಬೆಳಗಿನ ಜಾವ 2-15ರ ಸಮಯದಲ್ಲಿ” ಎಂದಿದ್ದರೆ, ಆ ಸಾಲು ಯಾರದೆಂದು ವಾದಿಸಲು ಹೆಚ್ಚು ಕಷ್ಟಪಡಬೇಕಿಲ್ಲ.

ವೈದ್ಯಕೀಯ ತಪಾಸಣೆಯಲ್ಲಿ ಕೆಲಸ ಕೆಡುವುದೇ ಹೆಚ್ಚು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 53ನೇ ಕಲಂ ಕೆಳಗೆ ಕಳಿಸಿದಾಗ ವೈದ್ಯರು ಗಾಯ ನೋಡಿ, “ಪ್ರಜ್ಞಾವಸ್ಥೆಯಲ್ಲಿದ್ದಾನೆ, ಸ್ಪಂದಿಸುತ್ತಾನೆ” ಎಂದು ಬರೆದು ಕಳಿಸುತ್ತಾರೆ. ಅಭಿಯೋಜನೆ ಮುಂದೆ ಅದನ್ನೇ ಎತ್ತಿ ಹಿಡಿಯುತ್ತದೆ. ಮಾನಸಿಕ ಕಾಯಿಲೆ ಇದೆಯೇ ಎಂದು ಕೇಳಿದರೂ ಉತ್ತರ ‘ಇಲ್ಲ’ ಎಂದೇ ಬರುತ್ತದೆ, ಬೌದ್ಧಿಕ ಅಂಗವೈಕಲ್ಯ ಕಾಯಿಲೆಯಲ್ಲವಾದ್ದರಿಂದ ಅದು ಸರಿಯಾದ ಉತ್ತರವೂ ಹೌದು. ಹಾಗಾಗಿ ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು: ಕ್ಲಿನಿಕಲ್ ಸೈಕಾಲಜಿಸ್ಟರಿಂದ ಬಿನೆ-ಕಾಮತ್ ಬುದ್ಧಿ ಪರೀಕ್ಷೆ ಮತ್ತು ದಿನನಿತ್ಯದ ಬದುಕಿನ ಸಾಮರ್ಥ್ಯ ಅಳೆಯುವ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆ ಮಾಪನ, ಓದು, ಸಮಯ, ಹಣದ ತಿಳಿವಳಿಕೆ ಎಷ್ಟು, ಒತ್ತಿ ಕೇಳಿದರೆ ಉತ್ತರ ಬದಲಿಸುತ್ತಾರೆಯೇ. ಜಿಲ್ಲಾ ಆಸ್ಪತ್ರೆಯಲ್ಲಿ ಆಗದಿದ್ದರೆ ನಿಮ್ಹಾನ್ಸ್‌ಗೆ.

ವರದಿ ಬರುವವರೆಗೆ ಮನೆಯವರ ಹತ್ತಿರ ಇರುವ ಕಾಗದಗಳೇ ಗತಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಮಾಸಾಶನದ ಆದೇಶ, ವಿಶೇಷ ಶಾಲೆಯ ದಾಖಲೆ. ಏನೂ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯುಗೆ (ಅಂಗವಿಕಲರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಫೋನ್ ಮಾಡಿ, ಅವರಿಗೆ ಮನೆಮನೆ ಗೊತ್ತಿರುತ್ತದೆ. ಗಡಿಯಂಚಿನ ಬುದ್ಧಿಮಟ್ಟದವರು ಸೌಲಭ್ಯಗಳಿಗೆ ಬೇಕಾದ 40% ಅಂಗವೈಕಲ್ಯ ದಾಟದ ಕಾರಣ ಅವರ ಬಳಿ ಹೆಚ್ಚಾಗಿ ಕಾಗದವೇ ಇರುವುದಿಲ್ಲ. ಠಾಣೆಯಲ್ಲಿ ಹೆಚ್ಚು ಸಿಕ್ಕಿಬೀಳುವವರು ಅವರೇ ಎಂಬುದು ನನ್ನ ಅನಿಸಿಕೆ.

ಬಂಧನದ ಕಾರಣವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಹೇಳಿದೆ. ಓದಲು ಬಾರದವನ ಕೈಗೆ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಬಂಧನದ ಕಾರಣ ತಿಳಿಸಬೇಕೆನ್ನುವ ಸಂವಿಧಾನದ 22(1)ನೇ ವಿಧಿಯ ಉದ್ದೇಶ ಈಡೇರುವುದಿಲ್ಲ ಎಂದು ನನ್ನ ಆಕ್ಷೇಪಣೆಯಲ್ಲಿ ಬರೆಯುತ್ತೇನೆ. ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಂ ಪ್ರಶ್ನಿಸುವ ವೇಳೆ ವಕೀಲರ ಭೇಟಿಗೆ ಅವಕಾಶ ಕೊಡುತ್ತದೆ, ಆದರೆ ಪೂರ್ತಿ ಹೊತ್ತು ಅಲ್ಲ. ಇಂಗ್ಲೆಂಡಿನಲ್ಲಿ ಇಂಥವರ ಪಕ್ಕ ಪೊಲೀಸರಲ್ಲದ, ಜವಾಬ್ದಾರಿಯುತ ವಯಸ್ಕರೊಬ್ಬರು ಕೂರಲೇಬೇಕು. ನಮ್ಮಲ್ಲಿ ಅದೇ ಸಂಹಿತೆಯ 183(6)ನೇ ಕಲಂ ಹೇಳಿಕೆ ಕೊಡುವ ಅಂಗವಿಕಲ ಸಂತ್ರಸ್ತರಿಗೆ ವಿಶೇಷ ಶಿಕ್ಷಕರ ನೆರವು ಕೊಡುತ್ತದೆ, ಆರೋಪಿಯ ಮಾತೆತ್ತುವುದಿಲ್ಲ. ಆ ಕೊರತೆ ತುಂಬಲು ನ್ಯಾಯ ಪಡೆಯುವ ಅವಕಾಶದ ಬಗ್ಗೆ ಹೇಳುವ, ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 12ನೇ ಕಲಂ ಹಿಡಿದು, ತಾಯಿ ಅಥವಾ ಶಿಕ್ಷಕರು ಜೊತೆಗಿರಲಿ, ವಕೀಲರು ಕಣ್ಣಳತೆಯಲ್ಲಿರಲಿ ಎಂದು ಕೇಳುತ್ತೇನೆ. ಮ್ಯಾಜಿಸ್ಟ್ರೇಟರು ಕೆಲವೊಮ್ಮೆ ಒಪ್ಪುತ್ತಾರೆ. ಒಪ್ಪದಿದ್ದರೂ ಕೋರಿಕೆ ಆರ್ಡರ್‌ಶೀಟ್‌ನಲ್ಲಿ ಬಂದಿರಬೇಕು.

ಒಮ್ಮೆ ನ್ಯಾಯಾಂಗ ಬಂಧನವಾಯಿತೆಂದು ಕಡತ ಮುಚ್ಚಬೇಡಿ. ಸಂಹಿತೆಯ 187ನೇ ಕಲಂ ಪ್ರಕಾರ 15 ದಿನಗಳ ಪೊಲೀಸ್ ಕಸ್ಟಡಿಯನ್ನು, ಅಪರಾಧದ ಗಂಭೀರತೆಗೆ ತಕ್ಕಂತೆ, ಮೊದಲ 40 ಅಥವಾ 60 ದಿನಗಳೊಳಗೆ ತುಂಡುತುಂಡಾಗಿಯೂ ಕೇಳಬಹುದು. ಪ್ರತಿ ಸಲವೂ ಅದೇ ಆಕ್ಷೇಪಣೆ ಮತ್ತೆ ಹಾಕಬೇಕು.

ಆರೋಪಿ ವಿಚಾರಣೆ ಎದುರಿಸಲು ಸಮರ್ಥನೇ ಎಂದು ಪರಿಶೀಲಿಸಲು ಕೋರುವ, ಸಂಹಿತೆಯ 367ನೇ ಕಲಂ ಅರ್ಜಿಯನ್ನು ಮಾತ್ರ ಅವಸರದಲ್ಲಿ ಹಾಕುವುದಿಲ್ಲ. ಪ್ರತಿವಾದ ನಡೆಸಲು ಅಸಮರ್ಥ ಎಂದಾದರೆ ವಿಚಾರಣೆ ನಿಲ್ಲುತ್ತದೆ. ಸಣ್ಣ ಕಳ್ಳತನದ ಆರೋಪಿ ಶಿಕ್ಷೆಯ ಅವಧಿಗಿಂತ ಹೆಚ್ಚು ಕಾಲ ಯಾವುದೋ ಸಂಸ್ಥೆಯಲ್ಲಿ ಉಳಿದುಬಿಡಬಹುದು. ಜಾಮೀನಿಗೆ ದಾರಿ ಇದ್ದರೆ, ಮನೆಯವರು ಶ್ಯೂರಿಟಿಗೆ ಸಿದ್ಧರಿದ್ದರೆ, ಮೊದಲು ಜಾಮೀನು ಅರ್ಜಿ ಹಾಕಿ.